ಕತೆಗೆ ಹೂಂಗುಟ್ಟಿದ ಮರಿಯಣ್ಣ

ಚಾಮರಾಜಪೇಟೆಯ ಆ ಬೀದಿಯಲ್ಲಿ ಮರಿಯಣ್ಣನ ಬಗ್ಗೆ ಒಂದು ಮಾತು ಓಡಾಡುತ್ತಿತ್ತು. ದೇವರು ಅವನಿಗೆ ಬಾಯಿ ಕೊಟ್ಟದ್ದು ಮುದ್ದೆ ನುಂಗುವುದಕ್ಕೆ ಮತ್ತು ಹೂಂ ಅನ್ನುವುದಕ್ಕೆ, ಮಿಕ್ಕ ಮಾತನ್ನೆಲ್ಲ ಅವನ ಹೆಂಡತಿ ಮುನಿಯಕ್ಕನ ಪಾಲಿಗೆ ಹಾಕಿಬಿಟ್ಟ, ಅಂತ. ಕಳ್ಳ ಬಂದು ಹಂಡೆ ಹೊತ್ತುಕೊಂಡು ಹೋಗಲಾ ಎಂದು ಕೇಳಿದರೂ ಮರಿಯಣ್ಣ ಹೂಂ ಅನ್ನುತ್ತಾನೆ ಎಂದು ನಲ್ಲಿಯ ಹತ್ತಿರ ಹೆಂಗಸರು ನಗುತ್ತಿದ್ದರು. ನಿದ್ದೆಯಲ್ಲೂ ಹೂಂ ಅನ್ನುತ್ತಾನೆ ಎಂದು ಪಕ್ಕದ ಮನೆಯವರು ಸೇರಿಸುತ್ತಿದ್ದರು. ಅವರ ಮನೆಗೂ ಇವನ ಮನೆಗೂ ನಡುವೆ ಒಂದೇ ಗೋಡೆ, ಅದೂ ತೆಳ್ಳಗಿನದು. ಅವರಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತಿರಬೇಕು.

ನಕ್ಕರೂ ಆ ನಗುವಿನಲ್ಲಿ ವಿಷ ಇರಲಿಲ್ಲ. ಮರಿಯಣ್ಣ ಹೂಂ ಅನ್ನದಿದ್ದರೆ ಮುನಿಯಕ್ಕನ ಬಾಯಿಂದ ಕತೆ ಹೊರಡುತ್ತಿರಲಿಲ್ಲ. ಮುನಿಯಕ್ಕನ ಕತೆ ಇಲ್ಲದಿದ್ದರೆ ವಠಾರದ ಸಂಜೆ ಸರಿಯುತ್ತಿರಲಿಲ್ಲ.

ಗಂಡ ಹೆಂಡಿರಿಬ್ಬರೂ ಆನೇಕಲ್ ಕಡೆಯವರು. ಮರಿಯಣ್ಣ ಕಲಾಸಿಪಾಳ್ಯದ ತರಕಾರಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಕೋಳಿ ಕೂಗುವ ಮುಂಚೆ ಹೊರಟರೆ ಮಧ್ಯಾಹ್ನ ಈರುಳ್ಳಿ ಸಿಪ್ಪೆಯನ್ನು ತಲೆಯಲ್ಲಿ ಸಿಕ್ಕಿಸಿಕೊಂಡು ವಾಪಸು ಬರುತ್ತಿದ್ದ. ಮುನಿಯಕ್ಕ ಮನೆಯಲ್ಲೇ ಕೂತು ಊದುಬತ್ತಿ ಹೊಸೆಯುತ್ತಿದ್ದಳು. ಒಬ್ಬಳೇ ಮಗಳು ಯಮುನಾ ಮದುವೆಯಾಗಿ ತ್ಯಾಗರಾಜನಗರದಲ್ಲಿದ್ದಳು. ದೀಪ ಹಚ್ಚುವ ಹೊತ್ತಿಗೆ ಅಕ್ಕಪಕ್ಕದ ಹೆಂಗಸರು ಮಣೆ ಹಿಡಿದುಕೊಂಡು ಮುನಿಯಕ್ಕನ ಜಗಲಿಗೆ ಬರುತ್ತಿದ್ದರು. ಕೈಗೆ ಊದುಬತ್ತಿ, ಕಿವಿಗೆ ಕತೆ. ಮರಿಯಣ್ಣ ಗೋಡೆಗೆ ಒರಗಿ ಕೂರುತ್ತಿದ್ದ. ಅವಳು ಒಂದು ಮಾತು ಹೇಳಿ ನಿಲ್ಲಿಸಬೇಕು, ಅವನು ಹೂಂ ಅನ್ನಬೇಕು, ಆಗ ಮುಂದಿನ ಮಾತು. ಬೇರೆ ಯಾರಾದರೂ ಹೂಂಗುಟ್ಟಿದರೆ ಅವಳಿಗೆ ಸರಿಬರುತ್ತಿರಲಿಲ್ಲ. ನಿಮ್ಮದೆಲ್ಲ ಅವಸರದ ಹೂಂ, ಒಲೆ ಮೇಲೆ ಹಾಲಿಟ್ಟು ಬಂದವರ ಹೂಂ, ಅನ್ನುತ್ತಿದ್ದಳು.

ವಠಾರ ಆಂಡಾಳಮ್ಮನದು. ಮುಂದಿನ ದೊಡ್ಡ ಮನೆಯಲ್ಲಿ ಅವಳು, ಹಿಂದಿನ ಸಾಲುಮನೆಗಳಲ್ಲಿ ಬಾಡಿಗೆಯವರು. ಈಗ್ಗೆ ಇಪ್ಪತ್ತೈದು ವರ್ಷದ ಹಿಂದೆ ಅವಳ ತಂಗಿಯ ಮಗ ವರದರಾಜ ಮುಂಬೈಯಿಂದ ಬಂದು ಅವಳ ಮನೆಯ ಮಹಡಿಯನ್ನು ಕೇಳಿದ. ಅಲ್ಲಿ ಜಾಹೀರಾತಿಗೆ ಗೊಂಬೆ ಕುಣಿಸಿ ಸಾಕಾಗಿದೆ, ಇಲ್ಲೊಂದು ಕಾರ್ಟೂನ್ ಸಿನಿಮಾ ಮಾಡುತ್ತೇನೆ, ನಮ್ಮ ಮಕ್ಕಳಿಗೆ ನಮ್ಮ ಕತೆ, ಅಂದ. ಸಿನಿಮಾ ಅಂದರೆ ಹೀರೋಯಿನ್ನು ಬರುತ್ತಾಳೇನೋ ಎಂದು ವಠಾರ ಕಾದಿತು. ಬಂದವಳು ಮಲ್ಲೇಶ್ವರದ ತ್ರಿಪುರಸುಂದರಿ ಎಂಬ ಕನ್ನಡಕದ ಹುಡುಗಿ, ಜೊತೆಗೆ ಒಂದು ಗಾಜಿನ ಮೇಜು. ಮೇಜಿನ ಹೊಟ್ಟೆಯೊಳಗೆ ಟ್ಯೂಬ್‌ಲೈಟ್. ಅದರ ಮೇಲೆ ಹಾಳೆ ಇಟ್ಟು, ಹಾಳೆಯ ಮೇಲೆ ಹಾಳೆ ಇಟ್ಟು, ಕೆಳಗಿನ ಚಿತ್ರ ಮೇಲೆ ಕಾಣುವ ಹಾಗೆ ಮಾಡಿಕೊಂಡು ಅವಳು ಬರೆಯುತ್ತಿದ್ದಳು. ಒಂದು ಹುಡುಗಿ ಕೊಡ ಎತ್ತಿ ಸೊಂಟದ ಮೇಲೆ ಇಡುವುದಕ್ಕೆ ಒಂದು ಕಟ್ಟು ಹಾಳೆ ಬೇಕು. ಆಂಡಾಳಮ್ಮ ಮಹಡಿಗೆ ಕಾಫಿ ತಂದವಳು ಅದನ್ನು ನೋಡಿ, ನಾನು ಅಷ್ಟು ಹೊತ್ತಿನಲ್ಲಿ ಬೀದಿಗೆಲ್ಲ ನೀರು ಹಿಡಿದುಬಿಡುತ್ತೇನೆ, ಅಂದಳು.

ವರದರಾಜನಿಗೆ ಕತೆ ಸಿಕ್ಕಿದ್ದು ಕಿಟಕಿಯಿಂದ. ಸಂಜೆ ಕೆಳಗಿನಿಂದ ಒಂದು ದನಿ ಬರುತ್ತಿತ್ತು, ಆ ದನಿಗೆ ತಾಳ ಹಾಕಿದ ಹಾಗೆ ಇನ್ನೊಂದು. ಅವನು ಮೆಟ್ಟಿಲಿಳಿದು ಬಂದು ಜಗಲಿಯ ತುದಿಯಲ್ಲಿ ಕೂತ.

ಮುನಿಯಕ್ಕ ಹೇಳುತ್ತಿದ್ದದ್ದು ಕೆಂಪಿಯ ಕತೆ. ಕೆಂಪಿಗೆ ತಾಯಿಯಿಲ್ಲ. ಮಲತಾಯಿ ಅವಳ ಕೈಗೆ ತಳವಿಲ್ಲದ ಕೊಡ ಕೊಟ್ಟು, ಕೆರೆಯಿಂದ ನೀರು ತಾ, ತುಂಬದೆ ಮನೆಗೆ ಬರಬೇಡ ಅನ್ನುತ್ತಾಳೆ. ಹುಡುಗಿ ಮೊಗೆಯುತ್ತಾಳೆ, ನೀರು ಸುರಿದುಹೋಗುತ್ತದೆ. ಅಳುತ್ತಾಳೆ. ಆಗ ಕೆರೆಯ ಆಮೆ ಬಂದು ಕೊಡದ ತಳದಲ್ಲಿ ಕೂರುತ್ತದೆ. ನೀರು ನಿಲ್ಲುತ್ತದೆ. ದಿನಾ ಹೀಗೆ. ಹುಡುಗಿ ಹೊರುತ್ತಾಳೆ, ಆಮೆ ಯಾರ ಕಣ್ಣಿಗೂ ಬೀಳದೆ ಕೂತಿರುತ್ತದೆ. ಕತೆ ಇಲ್ಲಿಂದ ಬಹಳ ದೂರ ಹೋಗುತ್ತದೆ, ಊರೂರು ಸುತ್ತುತ್ತದೆ. ವರದರಾಜ ಅಲ್ಲೇ ಕೈಮುಗಿದು ಈ ಕತೆ ನನಗೆ ಬೇಕು ಅಂದ. ಕತೆ ನನ್ನದಲ್ಲಪ್ಪ, ನಮ್ಮಜ್ಜಿದು, ಬೇಕಾದಷ್ಟು ಕೇಳ್ಕೋ, ಅಂದಳು ಮುನಿಯಕ್ಕ. ಆದರೆ ಕೊನೆಯನ್ನು ಮೊದಲೇ ಕೇಳಬಾರದು, ದಿನಕ್ಕೆ ಎಷ್ಟು ಬರುತ್ತದೋ ಅಷ್ಟೇ ಎಂದು ಕಟ್ಟು ಹಾಕಿದಳು. ಬುದ್ಧಿ ಇದ್ದವರು ಯಾರೂ ಕೊನೆ ತಿಳಿಯದೆ ಸಿನಿಮಾ ಶುರುಮಾಡುವುದಿಲ್ಲ. ವರದರಾಜ ಮಾಡಿದ.

ಮೊದಲು ದನಿ, ಆಮೇಲೆ ಚಿತ್ರ. ಅದು ಅವರ ಕಸುಬಿನ ಕ್ರಮ. ಮುನಿಯಕ್ಕನನ್ನು ಮಹಡಿಗೆ ಕರೆಸಿ ಮೈಕಿನ ಮುಂದೆ ಕೂರಿಸಿದರು. ಸದ್ದಾಗಬಾರದು ಎಂದು ಮರಿಯಣ್ಣನನ್ನು ಮೆಟ್ಟಿಲ ಮೇಲೆ ನಿಲ್ಲಿಸಿದರು. ಅವಳು ಒಂದು ಮಾತು ಹೇಳಿದಳು. ನಿಂತಳು. ವರದರಾಜ ಕೈಸನ್ನೆಯಲ್ಲಿ ಮುಂದೆ ಹೇಳಿ ಅಂದ. ಅವಳು ಸುಮ್ಮನೆ ಕೂತಳು.

"ಯಾಕ್ ನಿಲ್ಲಿಸಿದ್ರಿ ಮುನಿಯಕ್ಕ?"

"ಗೋಡೆಗೆ ಹೇಳಾಕೆ ನಂಗೇನ್ ಹುಚ್ಚು ಹಿಡಿದೈತಾ? ಕರೀರಿ ಅವರನ್ನ."

ಮರಿಯಣ್ಣ ಒಳಗೆ ಬಂದು ಕೂತ ಮೇಲೆ ಕತೆ ನೀರಿನ ಹಾಗೆ ಹರಿಯಿತು. ಹೂಂಗಳನ್ನೆಲ್ಲ ಆಮೇಲೆ ಕತ್ತರಿಸಿಬಿಡೋಣ ಎಂದು ವರದರಾಜ ಲೆಕ್ಕ ಹಾಕಿದ್ದ. ಕತ್ತರಿಸಿ ನೋಡಿದರೆ ಕತೆ ಬಸ್ಸು ಹಿಡಿಯಲು ಓಡುವವರ ಹಾಗೆ ಏದುಸಿರು ಬಿಡುತ್ತಿತ್ತು. ಕತ್ತರಿಸಿದ್ದನ್ನು ಮತ್ತೆ ಅಂಟಿಸಿದರು. ಹಾಗಾದರೆ ತೆರೆಯ ಮೇಲೆ ಈ ಹೂಂ ಯಾರು ಅನ್ನಬೇಕು? ತ್ರಿಪುರಸುಂದರಿ ಆ ವಾರವೆಲ್ಲ ಮರಿಯಣ್ಣನನ್ನೇ ನೋಡುತ್ತಿದ್ದಳು. ಹೂಂ ಅನ್ನುವ ಮುಂಚೆ ಅವನು ಕುತ್ತಿಗೆಯನ್ನು ಸ್ವಲ್ಪ ಮುಂದಕ್ಕೆ ಚಾಚುತ್ತಿದ್ದ, ಅಂದ ಮೇಲೆ ಒಳಕ್ಕೆ ಎಳೆದುಕೊಳ್ಳುತ್ತಿದ್ದ. ಮೂಟೆ ಹೊತ್ತು ಹೊತ್ತು ಬೆನ್ನು ಗೂನಾಗಿತ್ತು. ಅವಳು ಅದನ್ನು ಆಮೆಗೆ ಕೊಟ್ಟಳು. ಕೆಂಪಿ ಕೊಡ ಹೊತ್ತು ನಡೆಯುತ್ತಾಳೆ, ಕತೆ ಒಂದು ಮಾತು ನಿಲ್ಲುತ್ತದೆ, ಕೊಡದ ತಳದಿಂದ ಆಮೆ ಕುತ್ತಿಗೆ ಚಾಚಿ ಹೂಂ ಅನ್ನುತ್ತದೆ.

ಹಾಳೆಗಳನ್ನು ಹೆಬ್ಬೆರಳಿನಿಂದ ಸರಸರ ಸರಿಸಿ ಅವಳು ಮರಿಯಣ್ಣನಿಗೆ ತೋರಿಸಿದಳು. ಅವನು ಬಹಳ ಹೊತ್ತು ನೋಡಿದ.

"ಇದು ನಾನಾ ತಾಯಿ?"

"ಹೂಂ," ಅಂದಳು ಅವಳು.

ಅಲ್ಲಿಂದ ಬೀದಿಯಲ್ಲಿ ಅವನ ಹೆಸರು ಆಮೆ ಮರಿಯಣ್ಣ ಅಂತಾಯಿತು. ಮಂಡಿಯಲ್ಲೂ ಸುದ್ದಿ ಹಬ್ಬಿ, ಏನ್ ಗುರು, ಮೂಟೆ ನೀನು ಹೊರ್ತೀಯೋ, ಮೂಟೆ ಕೆಳಗೆ ಹೋಗಿ ಕೂರ್ತೀಯೋ ಎಂದು ಜೊತೆಯವರು ಕಾಡಿದರು. ಅವನು ಅದಕ್ಕೂ ಹೂಂ ಅಂದ.

ಕತೆ ಮುಕ್ಕಾಲು ದಾರಿ ಬಂದಿತ್ತು. ಮಲತಾಯಿಗೆ ಗುಟ್ಟು ತಿಳಿದು, ಆಮೆಯನ್ನು ಕೊಡದಿಂದ ಕಿತ್ತು, ಕಾದ ಬಂಡೆಯ ಮೇಲೆ ಎಸೆದಿದ್ದಳು. ಮುಂದಿನದು ಶನಿವಾರ ಎಂದು ಹೇಳಿ ಮುನಿಯಕ್ಕ ಇಳಿದು ಹೋಗಿದ್ದಳು. ಶುಕ್ರವಾರ ಬೆಳಿಗ್ಗೆ ನೀರಿನ ತೊಟ್ಟಿಯ ಹತ್ತಿರ ಬಿದ್ದಳು. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ ಬಲಗಾಲು ಅವಳದಾಗಿರಲಿಲ್ಲ. ಮಾತು ಪೂರಾ ನಿಂತಿತ್ತು. ಲಕ್ವ ಹೊಡೆದ ಬಾಯಿ, ಬಂದರೆ ಬಂದೀತು ಇಲ್ಲದಿದ್ದರೆ ಇಲ್ಲ, ಎಂದರು ಡಾಕ್ಟರು.

ಮರಿಯಣ್ಣ ಮಂಡಿ ಬಿಟ್ಟು ಮನೆಯಲ್ಲಿ ಕೂತ. ಯಮುನಾ ದಿನಾ ಬಂದು ಅಡುಗೆ ಮಾಡಿಟ್ಟು ಹೋಗುತ್ತಿದ್ದಳು. ಗಂಜಿ ಕುಡಿಸುವುದು, ಮಗ್ಗುಲು ಬದಲಿಸುವುದು, ಎಲ್ಲ ಅವನೇ. ಒಂದೇ ಒಂದು ಅವನಿಗೆ ತಡೆಯಲಾಗುತ್ತಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮುನಿಯಕ್ಕ ಕಣ್ಣೆತ್ತಿ ಮಹಡಿಯ ಕಡೆ ನೋಡುತ್ತಿದ್ದಳು, ಆಮೇಲೆ ಅವನನ್ನು ನೋಡುತ್ತಿದ್ದಳು. ಅರ್ಧಕ್ಕೆ ಬಿಟ್ಟ ಕತೆ ಹೊಸ್ತಿಲ ಮೇಲೆ ಕೂತ್ಕೊಳ್ತದೆ, ಒಳಗಿದ್ದೋರನ್ನ ಹೊರಗೆ ಬಿಡಲ್ಲ, ಹೊರಗಿದ್ದೋರನ್ನ ಒಳಗೆ ಬಿಡಲ್ಲ, ಎಂದು ಅವಳೇ ಎಷ್ಟು ಸಲ ಹೇಳಿದ್ದಳೋ. ಆ ಆಮೆ ಬಂಡೆಯ ಮೇಲೆ ಬಿದ್ದಿರುವ ತನಕ ಇವಳಿಗೆ ಬಿಡುಗಡೆಯಿಲ್ಲ ಎಂದು ಅವನ ಮನಸ್ಸಿಗೆ ಬಂತು. ಹೇಗಾದರೂ ಕತೆ ಮುಗಿಯಬೇಕು, ಇವಳು ಇರುವಾಗಲೇ ಮುಗಿಯಬೇಕು.

ಮೇಲೆ ವರದರಾಜನೂ ಅದನ್ನೇ ಯೋಚಿಸುತ್ತಿದ್ದ. ಕತೆಯ ಕೊನೆ ಏನು ಎಂದು ವಠಾರವನ್ನೆಲ್ಲ ಕೇಳಿದ. ಎಲ್ಲರೂ ಗೊತ್ತು ಅಂದರು. ಒಬ್ಬಳು ಮಲತಾಯಿಗೆ ಹಾವು ಕಚ್ಚಿತು ಅಂದಳು, ಇನ್ನೊಬ್ಬಳು ರಾಜಕುಮಾರ ಬಂದ ಅಂದಳು, ಮತ್ತೊಬ್ಬಳು ಆಮೆಯೇ ರಾಜಕುಮಾರ ಅಂದಳು. ಕೆದಕಿದರೆ ಯಾರೂ ಕೊನೆ ಕೇಳಿಯೇ ಇರಲಿಲ್ಲ. ಕತೆ ಅಲ್ಲಿಗೆ ಬರುವ ಹೊತ್ತಿಗೆ ಕುಕ್ಕರ್ ಕೂಗುತ್ತಿತ್ತು, ಗಂಡಂದಿರು ಬರುತ್ತಿದ್ದರು, ಮಕ್ಕಳು ಮಲಗಿರುತ್ತಿದ್ದವು. ಯಮುನಾ ಕೂಡ ಹುಡುಗಿಯಾಗಿದ್ದಾಗ ಬಂಡೆಯ ತನಕ ಬಂದು ನಿದ್ದೆ ಹೋಗುತ್ತಿದ್ದವಳೇ. ಆಗ ಅವನು ರೇಡಿಯೋದಲ್ಲಿ ಓದುವ ಒಬ್ಬ ಹೆಂಗಸನ್ನು ಗೊತ್ತುಮಾಡಿಕೊಂಡು, ತಾನೇ ಒಂದು ಕೊನೆ ಬರೆದುಕೊಂಡು, ಮರಿಯಣ್ಣನ ಒಪ್ಪಿಗೆ ಕೇಳಲು ಕೆಳಗಿಳಿದ. ಒಪ್ಪಿಗೆ ಸಿಗುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ.

"ಬ್ಯಾಡ ಸ್ವಾಮಿ," ಅಂದ ಮರಿಯಣ್ಣ.

ಬಾಗಿಲಲ್ಲಿ ನಿಂತಿದ್ದ ಆಂಡಾಳಮ್ಮ ತನ್ನ ಕಿವಿಯನ್ನೇ ನಂಬಲಿಲ್ಲ.

"ಇಷ್ಟ್ ವರ್ಷ ಹೂಂ ಅಂದಿದೀನಿ. ನಂಗೊತ್ತಿಲ್ದ ಕತೆಯಾ? ನಾನೇ ಹೇಳ್ತೀನಿ."

ಮಾರನೆಯ ದಿನ ಮಹಡಿಯಲ್ಲಿ ಮೈಕಿನ ಮುಂದೆ ಅವನು ಕೂತ. ಆಮೆ ಬಂಡೆ ಮೇಲೆ ಬಿದ್ದಿತ್ತು, ಅಂದ. ಆಮೇಲೆ ಎಲ್ಲ ಸರಿಹೋಯ್ತು, ಅಂದ. ಅಷ್ಟೇ. ವರದರಾಜ ತಾನು ಹೂಂಗುಟ್ಟಿ ನೋಡಿದ, ಫೋನಿನಲ್ಲಿ ಮಾತಾಡುವವನ ಹೂಂ. ತ್ರಿಪುರಸುಂದರಿಯದು ಮೇಷ್ಟರ ಮುಂದೆ ನಿಂತವಳ ಹೂಂ. ಮರಿಯಣ್ಣ ತಲೆ ತಗ್ಗಿಸಿ ಕೂತಿದ್ದ. ಅವನಿಗೆ ಆಗ ಹೊಳೆದಿತ್ತು, ಬಂಡೆಯಿಂದ ಮುಂದಕ್ಕೆ ತನಗೂ ಗೊತ್ತಿಲ್ಲ ಎಂದು. ನಸುಕಿಗೆ ಎದ್ದು ಮೂಟೆ ಹೊತ್ತವನು ಅಲ್ಲಿಯ ತನಕ ಎಚ್ಚರ ಇರುವುದುಂಟೇ. ಪಕ್ಕದ ಮನೆಯವರು ಸುಳ್ಳು ಹೇಳುತ್ತಿರಲಿಲ್ಲ. ಇಷ್ಟು ವರ್ಷ ಆ ಕತೆಯ ಕೊನೆಗೆ ಅವನು ಹೂಂ ಅಂದದ್ದೆಲ್ಲ ನಿದ್ದೆಯಲ್ಲಿ.

ತ್ರಿಪುರಸುಂದರಿ ಮೈಕು ಬಿಚ್ಚಿದಳು, ಕೆಳಗೆ ಹೋಗೋಣ ಮರಿಯಣ್ಣ, ಅಕ್ಕನ ಮುಂದೇನೇ ಹೇಳೀರಂತೆ, ಅಂದಳು.

ಸಂಜೆ ಫ್ಯಾನು ನಿಲ್ಲಿಸಿದರು. ಆಂಡಾಳಮ್ಮ ತನ್ನ ಕುಕ್ಕರನ್ನೂ ಇಳಿಸಿಟ್ಟು ಬಂದಳು. ಮುನಿಯಕ್ಕ ಮಂಚದ ಮೇಲೆ, ಮರಿಯಣ್ಣ ಅವಳ ಕಾಲ ಬಳಿ ನೆಲದ ಮೇಲೆ.

"ಆಮೇನ ಬಂಡೆ ಮ್ಯಾಲೆ ಎಸೆದ್ಲು," ಅಂದು ಅವನು ನಿಂತ. ಮುಂದೆ ಹೇಳುವುದಕ್ಕೆ ಏನೂ ಇರಲಿಲ್ಲ, ಅದಕ್ಕೇ ನಿಂತ.

ಮಂಚದಿಂದ ಒಂದು ಸದ್ದು ಬಂತು. ಗಂಟಲಾಳದಿಂದ, ಒರಟಾಗಿ. ಅಷ್ಟು ದಿನದಲ್ಲಿ ಅವಳಿಂದ ಬಂದ ಮೊದಲ ಸದ್ದು. ಅದು ಹೂಂ.

ಯಮುನಾ ಸೆರಗು ಬಾಯಿಗಿಟ್ಟುಕೊಂಡಳು. ಮರಿಯಣ್ಣ ತಿರುಗಿ ನೋಡಲಿಲ್ಲ. ನೋಡಿದರೆ ಹೇಳಲಾಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

"ಕೆರೆ ಆಮೆ ದಾರಿ ನೋಡ್ತು. ಬರ್ಲಿಲ್ಲ."

ಹೂಂ.

"ಕೆರೆಗೆ ಸಿಟ್ಟು ಬಂತು."

ಸದ್ದಿಲ್ಲ. ಅವನು ಕಾದ. ಸದ್ದಿಲ್ಲ. "ಸಿಟ್ಟಲ್ಲ," ಅಂದ ಮೆಲ್ಲಗೆ, "ಕೆರೆಗೆ ಬ್ಯಾಸರ ಆಯ್ತು."

ಹೂಂ.

ಹೀಗೆ ಹೊರಟಿತು ಕತೆ, ಕತ್ತಲಲ್ಲಿ ಗೋಡೆ ಸವರಿಕೊಂಡು ನಡೆಯುವವರ ಹಾಗೆ. ತಪ್ಪಿದ ಕಡೆ ಅವಳು ಸುಮ್ಮನಾಗುತ್ತಿದ್ದಳು, ಅವನು ಹಿಂದಕ್ಕೆ ಬಂದು ಬೇರೆ ದಾರಿ ಹಿಡಿಯುತ್ತಿದ್ದ. ಕೆರೆ ಎದ್ದು ಆಮೆಯನ್ನು ಹುಡುಕಿಕೊಂಡು ಊರೊಳಕ್ಕೆ ಬಂತು. ಹೂಂ. ಕೆಂಪಿಯ ಮನೆಯ ಹೊಸ್ತಿಲಿಗೆ ಬಂದು ನಿಂತಿತು. ಹೂಂ. ಮಲತಾಯಿಯನ್ನು ಕೊಚ್ಚಿಕೊಂಡು ಹೋಯಿತು.

ಸದ್ದಿಲ್ಲ. ಹಾವು ಕಚ್ಚಿತು ಅಂದ. ಕಲ್ಲಾಗಿಹೋದಳು ಅಂದ. ಊರು ಬಿಟ್ಟಳು ಅಂದ. ಮುನಿಯಕ್ಕ ಕಣ್ಣು ಮುಚ್ಚಿಬಿಟ್ಟಳು. ಸಾಕು, ಇವತ್ತಿಗೆ ಬಿಡೋಣ, ಎಂದು ವರದರಾಜ ಪಿಸುಗುಟ್ಟಿದ. ಮರಿಯಣ್ಣ ಎದ್ದು, ಗಡಿಗೆಯಿಂದ ಒಂದು ಲೋಟ ನೀರು ಬಗ್ಗಿಸಿಕೊಂಡು ಕುಡಿದ. ಲೋಟ ಕೈಯಲ್ಲಿದ್ದ ಹಾಗೆಯೇ ನಿಂತುಬಿಟ್ಟ. ಅವನ ತಾಯಿ ಸೊಸೆಯನ್ನು ಬಹಳ ಅರೆದಿದ್ದಳು. ಹೊಸದರಲ್ಲಿ ಮುನಿಯಕ್ಕ ತಿಂದ ಮಾತಿಗೆ ಮಿತಿಯಿರಲಿಲ್ಲ, ಅವನು ಆಗಲೂ ಇಬ್ಬರಿಗೂ ಹೂಂ ಅಂದುಕೊಂಡೇ ಇದ್ದವನು. ಆ ತಾಯಿ ಹಾಸಿಗೆ ಹಿಡಿದಾಗ ಇದೇ ಮನೆಯಲ್ಲಿ, ಇಂಥದೇ ಲೋಟದಲ್ಲಿ, ತಲೆ ಎತ್ತಿ ಹಿಡಿದು ನೀರು ಕುಡಿಸಿದವಳು ಮುನಿಯಕ್ಕ. ಅತ್ತೆ ಕೊನೆಗೆ ಸೊಸೆಯ ಕೈ ಹಿಡಿದುಕೊಂಡೇ ಕಣ್ಣು ಮುಚ್ಚಿದಳು.

ಅವನು ಬಂದು ಕೂತ.

"ಕೆರೆ ಹೊಸ್ತಿಲಲ್ಲಿ ನಿಂತದೆ. ಮಲತಾಯಿ ನಡುಗ್ತಾವ್ಳೆ. ಕೆಂಪಿ ಹೋಗಿ ಅವಳ ಕೈ ಹಿಡ್ಕೊಂಡ್ಲು."

ಹೂಂ, ಅಂದಳು ಮುನಿಯಕ್ಕ. ಗೋಡೆಯಾಚೆಗೂ ಕೇಳಿಸುವ ಹೂಂ.

"ಬಾರವ್ವ, ಇಬ್ರೂ ಹೋಗಿ ಹುಡುಕೋಣ, ಅಂದ್ಲು. ನೀರಲ್ಲೇ ನಡ್ಕೊಂಡು ಹೋದ್ರು. ಆಮೇನ ಮಲತಾಯೀನೇ ಸೆರಗಲ್ಲಿ ಎತ್ಕೊಂಡು ಕೆರೆಗೆ ಬಿಟ್ಲು. ಕೆರೆ ಅದರ ಪಾಡಿಗೆ ಅದು ಹೋಯ್ತು. ಅವತ್ತಿಂದ ಕೊಡಾನ ಕೆಂಪಿ ಸೊಂಟಕ್ಕೆ ಎತ್ತಿಕೊಡೋಳು ಆ ಮಲತಾಯೀನೇ. ತಳ ಮಾತ್ರ ಇವತ್ತಿಗೂ ಹಾಕ್ಸಿಲ್ಲ. ಆಮೆ ಇರೋವಾಗ ಯಾಕೆ ಅಂತ."

ಅದು ಮುನಿಯಕ್ಕನ ಅಜ್ಜಿ ಹೇಳಿದ ಕೊನೆಯೋ, ಆ ಸಂಜೆ ಅಲ್ಲೇ ಹುಟ್ಟಿದ್ದೋ, ಹೇಳಬಲ್ಲವಳು ಮಾತಾಡುವಂತಿರಲಿಲ್ಲ. ಅವಳು ಸ್ವಾಧೀನವಿದ್ದ ಎಡಗೈಯನ್ನು ಚಾಚಿ ಗಂಡನ ತಲೆಯ ಮೇಲೆ ಇಟ್ಟಳು. ಅವನು ಆಗ ಅತ್ತ. ಮೈಕು ಅದನ್ನೂ ಹಿಡಿದುಕೊಂಡಿತ್ತು. ತ್ರಿಪುರಸುಂದರಿ ಅಷ್ಟನ್ನು ಕತ್ತರಿಸಿ ತೆಗೆದಳು.

ಹಾಗಾಗಿ ಆ ಸಿನಿಮಾದಲ್ಲಿ ಮೊದಲು ಹೆಂಗಸು ಕತೆ ಹೇಳುತ್ತಾಳೆ, ಆಮೆ ಗಂಡಸಿನ ದನಿಯಲ್ಲಿ ಹೂಂ ಅನ್ನುತ್ತದೆ. ಬಂಡೆಯ ಮೇಲೆ ಬಿದ್ದಲ್ಲಿಂದ ಮುಂದಕ್ಕೆ ಗಂಡಸು ಹೇಳುತ್ತಾನೆ, ಹೂಂ ಹೆಂಗಸಿನದು. ತಿಳಿದವರು ಇದನ್ನು ನೋಡಿ ಅರ್ಥದ ಮೇಲೆ ಅರ್ಥ ಹೇಳಿದರು. ಬಂಡೆಯ ಬಿಸಿಲಲ್ಲಿ ಆಮೆ ಬೇರೆಯೇ ಜನ್ಮ ಎತ್ತಿತು ಅಂದರು. ಮಕ್ಕಳಿಗೆ ಇದು ಯಾವುದೂ ಬೇಕಿರಲಿಲ್ಲ. ಬಸವನಗುಡಿಯ ಒಂದು ಸಭಾಂಗಣದಲ್ಲಿ ಮೊದಲ ಸಲ ತೋರಿಸಿದಾಗ, ಆಮೆಯ ಜೊತೆಗೆ ಅವೂ ಕುತ್ತಿಗೆ ಚಾಚಿ ಹೂಂ ಅನ್ನುವುದಕ್ಕೆ ಶುರುಮಾಡಿದವು. ಮುನಿಯಕ್ಕನನ್ನು ಕುರ್ಚಿಯ ಸಮೇತ ಎತ್ತಿಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಹಾಲ್ ತುಂಬ ಹೂಂ ಎದ್ದಾಗ ಅವಳು ಪಕ್ಕದಲ್ಲಿದ್ದ ಗಂಡನನ್ನು ನೋಡಿದಳು. ಅವನು ಎಚ್ಚರವಾಗಿದ್ದ.

ಮುಗಿದ ಮೇಲೆ ವರದರಾಜ ಥ್ಯಾಂಕ್ಸ್ ಹೇಳಲು ಬಂದ. ಮರಿಯಣ್ಣ ಅವನನ್ನು ದಾಟಿ ತ್ರಿಪುರಸುಂದರಿಯ ಹತ್ತಿರ ಹೋದ.

"ಆ ದಿನ ಮೈಕ್ ಬಿಚ್ಚಿ ಕೆಳಗೆ ತಂದ್ಯಲ್ಲವ್ವ. ಇಲ್ದಿದ್ರೆ ಅವಳ ಕತೆ ಕೊನೆ ಕೇಳ್ದಲೇ ಹೋಗ್ಬಿಡ್ತಿದ್ದೆ. ನಿನ್ನ ಋಣ ದೊಡ್ಡದು ತಾಯಿ."

ಮುನಿಯಕ್ಕ ಇನ್ನೆರಡು ವರ್ಷ ಇದ್ದಳು. ಮಾತು ಬರಲಿಲ್ಲ, ಹೂಂ ಮಾತ್ರ ಉಳಿಯಿತು. ಅಷ್ಟೂ ದಿನ ದೀಪ ಹಚ್ಚಿದ ಮೇಲೆ ಮರಿಯಣ್ಣ ಅವಳಿಗೆ ಕತೆ ಹೇಳಿದ, ಅವಳದೇ ಕತೆಗಳನ್ನು. ಒಂದೊಂದರ ಕೊನೆಯನ್ನೂ ಅವಳ ಹೂಂ ಹಿಡಿದು ಹುಡುಕಿಕೊಂಡ. ಆ ಎರಡು ವರ್ಷ ನನಗೆ ದೇವರು ಉಂಬಳಿ ಕೊಟ್ಟದ್ದು ಎಂದು ಆಮೇಲೆ ಹೇಳಿಕೊಳ್ಳುತ್ತಿದ್ದ.

ಸಿನಿಮಾ ತನ್ನ ದಾರಿ ಹಿಡಿಯಿತು. ಕ್ಯಾಸೆಟ್ಟಿನಲ್ಲಿ ಶಾಲೆಗಳಿಗೆ ಹೋಯಿತು, ಭಾನುವಾರ ಬೆಳಿಗ್ಗೆ ಟಿವಿಯಲ್ಲಿ ಬಂತು, ಈಗ ಫೋನಿನಲ್ಲಿ ಸಿಗುತ್ತದೆ. ಅದನ್ನು ನೋಡಿ ಬೆಳೆದವರು ಈಗ ತಮ್ಮ ಮಕ್ಕಳಿಗೆ ತೋರಿಸುತ್ತಾರೆ. ಶಾಲೆಗಳವರು ಮರಿಯಣ್ಣನನ್ನು ಕರೆಯತೊಡಗಿದರು. ಅವನು ಹೋಗಿ ಮಕ್ಕಳ ಮುಂದೆ ಕೂತು ಕತೆ ಹೇಳುತ್ತಿದ್ದ. ಒಂದು ಕಡೆ ಟೀಚರು ಈ ಕತೆಯ ನೀತಿ ಏನು ತಾತ ಎಂದು ಕೇಳಿದಳಂತೆ. ನಂಗೇನ್ ಗೊತ್ತು ತಾಯಿ, ಹುಡುಗಿಗೆ ನೀರು ಬೇಕಿತ್ತು, ಆಮೆ ಕೂತ್ಕೊಂತು, ಅಂದನಂತೆ.

ಹೋದ ನವೆಂಬರಿನಲ್ಲಿ ತ್ಯಾಗರಾಜನಗರದ ಶಾಲೆಯೊಂದು ಕರೆಯಿತು. ಎರಡನೆಯ ಸಲ ಹೋಗುವ ಹೊತ್ತಿಗೆ ಮೂರು ದಿನದಿಂದ ಅವನಿಗೆ ಮೈ ಸರಿಯಿರಲಿಲ್ಲ. ಆ ಶಾಲೆಯಲ್ಲಿ ಕತೆಯನ್ನು ಪೂರಾ ಮಾಡಿ, ಹತ್ತಿರವೇ ಇದ್ದ ಯಮುನಾಳ ಮನೆಗೆ ನಡೆದುಹೋಗಿ, ಮೊಸರನ್ನ ಉಂಡು ಮಲಗಿದವನು ಏಳಲಿಲ್ಲ. ಇದು ಆಮೇಲೆ ತಿಳಿದದ್ದು. ಅವನು ಹೊರಟ ಬೆಳಿಗ್ಗೆ ವಠಾರಕ್ಕೆ ಇದು ಯಾವುದೂ ಗೊತ್ತಿರಲಿಲ್ಲ.

ಆ ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಬಾಗಿಲು ಎಳೆದುಕೊಂಡ. ಆಂಡಾಳಮ್ಮ ಕೋಲೂರಿಕೊಂಡು ತನ್ನ ಮೆಟ್ಟಿಲ ಮೇಲೆ ನಿಂತಿದ್ದಳು. ಜ್ವರ ಇಟ್ಕೊಂಡು ಯಾಕ್ರೀ ಹೋಗ್ತೀರಿ, ಆಗಲ್ಲ ಅಂತ ಫೋನ್ ಮಾಡ್ಬಾರ್ದಾ, ಅಂದಳು.

"ಹೋದ ವಾರ ಬಂಡೆತಂಕ ಹೇಳಿ ಬಂದಿದೀನಿ ಕಣಮ್ಮ. ಗಂಟೆ ಹೊಡೆದ್ಬಿಟ್ರು. ಆ ಮಕ್ಕಳು ಎಂಟು ದಿನದಿಂದ ಕಾಯ್ತಾವ್ರೆ."

ಆಟೋದವನು ಗೇಟಿನ ಹತ್ತಿರ ಹಾರ್ನ್ ಮಾಡಿದ. ಮರಿಯಣ್ಣ ಆಂಡಾಳಮ್ಮನಿಗೆ ಕೈಮುಗಿದು, ಪಂಚೆ ಎತ್ತಿ ಹಿಡಿದು, ನಿಧಾನವಾಗಿ ಹತ್ತಿ ಕೂತ. ತ್ಯಾಗರಾಜನಗರದಲ್ಲಿ ಎಲ್ಲಿ ತಾತ ಎಂದು ಆಟೋದವನು ಕೇಳಿದ್ದಕ್ಕೆ, ನೀನು ಬುಲ್ ಟೆಂಪಲ್ ರೋಡ್ ಹಿಡಿ, ಮುಂದೆ ನಾನು ಹೇಳ್ತೀನಿ, ಅಂದ.